ಬಾಚಣಿಗೆಕಲ್ಲು ಇದ್ದ ಜಾಗ

ಆ ಮಂಗಳವಾರ ಸಂಜೆ ಆರು ಗಂಟೆ ದಾಟಿದರೂ ಬಂದರಿನ ಬಾವುಟ ಕೆಳಗಿಳಿಯಲಿಲ್ಲ.

ನನ್ನ ಇಸ್ತ್ರಿ ಮೇಜಿನ ಎದುರಿನ ಕಿಟಕಿಯಿಂದ ಬಾವುಟದ ಗೋಪುರ ನೇರವಾಗಿ ಕಾಣುತ್ತಿತ್ತು. ಇಪ್ಪತ್ತು ವರ್ಷದಿಂದ ನಾನು ಕೆಲಸ ಮುಗಿಸಲು ಗಡಿಯಾರ ನೋಡಿದವನಲ್ಲ. ಬಾವುಟ ಇಳಿಯಿತೆಂದರೆ ಇಸ್ತ್ರಿಪೆಟ್ಟಿಗೆಯ ಕೆಂಡ ಸುರಿದು ಮನೆಯ ದಾರಿ ಹಿಡಿಯುತ್ತಿದ್ದೆ. ಅಂದು ಯಾಕೋ ಕೈ ಸೋತಿತು ಅನ್ನಿಸಿ ಎಣಿಸಿ ನೋಡಿದರೆ ಐದು ಅಂಗಿ ಹೆಚ್ಚಿಗೆ ಉಜ್ಜಿದ್ದೆ. ತಲೆ ಎತ್ತಿದೆ. ಬಾವುಟ ಇನ್ನೂ ಕಂಬದ ತುದಿಯಲ್ಲೇ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಅಕ್ಕಾ, ಅಜ್ಜ ಇವತ್ತು ಬಾವುಟ ಇಳಿಸೋದನ್ನೇ ಮರೆತಿದಾರೆ," ಎಂದೆ.

ಅಕ್ಕ ಬಟ್ಟೆಗೆ ನೀಲಿ ಕಲಸುತ್ತಿದ್ದ ಕೈ ತೊಳೆದುಕೊಂಡು ಕಿಟಕಿಯ ಬಳಿ ಬಂದಳು. "ಊಟ ಮರೆತಾರು, ಅದನ್ನ ಮರೆಯೋರಲ್ಲ. ನಡಿ," ಎಂದಳು. ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬಾವುಟದ ಅಜ್ಜ ಗೋಪುರದ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು, ಮೈ ತಣ್ಣಗಾಗಿತ್ತು. ಅಂಗೈಯ ಕೆಳಗೆ ಮಡಿಸಿದ ಒಂದು ಕಾಗದವಿತ್ತು. ಮೇಲಿನ ಕೋಣೆಯ ಬಾಗಿಲಿನಿಂದ ಕೆಳಗಿನ ಮೆಟ್ಟಿಲವರೆಗೂ ಒದ್ದೆ, ಅಲ್ಲಲ್ಲಿ ಕಂದು ಬಣ್ಣದ ಸಮುದ್ರಪಾಚಿ. ಮಂಜುಗಡ್ಡೆ ಕಾರ್ಖಾನೆಯ ಕಾವಲುಗಾರ ನಮ್ಮ ಹಿಂದೆಯೇ ಬಂದವನು ಅದನ್ನು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಅವಳು ಬಂದಿದ್ದಳು," ಎಂದ, ಮೆಲ್ಲಗೆ. ಯಾರು ಎಂದು ನಾವಿಬ್ಬರೂ ಕೇಳಲಿಲ್ಲ.

ನಮ್ಮ ಬಂದರಿನಲ್ಲಿ ಒಂದು ಕಲ್ಲಿತ್ತು. ಕಪ್ಪಗೆ, ಚಪ್ಪಟೆಯಾಗಿ, ನೀರಿಳಿದಾಗ ಮಾತ್ರ ಕಾಣುತ್ತಿದ್ದ ಕಲ್ಲು. ಅದರ ಮೇಲೆ ಮತ್ಸ್ಯಕನ್ಯೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು ಎಂದು ಹಳಬರು ಹೇಳುತ್ತಿದ್ದರು, ಅದಕ್ಕೇ ಅದು ಬಾಚಣಿಗೆಕಲ್ಲು. ಮೂವತ್ತೈದು ವರ್ಷದ ಹಿಂದೆ ಹಡಗು ನಿಲ್ಲುವ ಧಕ್ಕೆಯನ್ನು ಅಗಲ ಮಾಡುವಾಗ ಆ ಮೂಲೆಯನ್ನೆಲ್ಲ ಮಣ್ಣು, ಜಲ್ಲಿ ಸುರಿದು ಮುಚ್ಚಿದರು. ಕಲ್ಲು ಅಡಿಗೆ ಹೋಯಿತು. ಎಲ್ಲಿ ಎಂದು ತೋರಿಸಲು ನೆಲದ ಮೇಲೆ ಗುರುತೇ ಉಳಿಯಲಿಲ್ಲ. ಅಂದಿನಿಂದ ಅವಳು ಕೂರಲು ಜಾಗವಿಲ್ಲದೆ ಅಲೆಯುತ್ತಾಳೆ, ಅವಳ ಕಲ್ಲಿನ ತಾವನ್ನು ತೋರಿಸಹೋದವರ ಮನೆಯಿಂದ ಒಂದು ಜೀವ ತೆಗೆದುಕೊಳ್ಳುತ್ತಾಳೆ, ಬಂದ ದಾರಿಯಲ್ಲಿ ಒದ್ದೆ ಮತ್ತು ಪಾಚಿ ಬಿಟ್ಟುಹೋಗುತ್ತಾಳೆ. ಹೀಗೆ ಕತೆ ಬೆಳೆದಿತ್ತು.

ಆ ಕತೆಯನ್ನು ಪುಸ್ತಕ ಮಾಡಿದವರು ನಮ್ಮ ನಿವೃತ್ತ ಮೇಷ್ಟ್ರು. ಬಂದರಿನ ಶಾಲೆಯಲ್ಲಿ ಚರಿತ್ರೆ ಹೇಳಿಕೊಟ್ಟವರು, ಬೇರೆ ಊರಿನಿಂದ ಬಂದು ಇಪ್ಪತ್ತೆರಡು ವರ್ಷ ಇಲ್ಲೇ ನಿಂತವರು. ಕಲ್ಲು ಇದ್ದ ಜಾಗವನ್ನು ನಕ್ಷೆ ಸಮೇತ ಅವರು ಪುಸ್ತಕದಲ್ಲಿ ಕೊಟ್ಟಿದ್ದರು. ನಗರಸಭೆಯವರು ಅದನ್ನೇ ನಂಬಿ ಅಲ್ಲಿ ಮತ್ಸ್ಯಕನ್ಯೆಯ ಪ್ರತಿಮೆ ನಿಲ್ಲಿಸಲು ಹೊರಟಿದ್ದರು. ಅಡಿಪಾಯದ ಗುಂಡಿ ತೋಡಿಯಾಗಿತ್ತು. ಬರುವ ಭಾನುವಾರ ಅನಾವರಣ, ಮೇಷ್ಟ್ರದೇ ಮುಖ್ಯ ಭಾಷಣ.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ಬಂದರಿನ ಲಾಂಡ್ರಿಯ ಒಡತಿ. ಹುಟ್ಟಿದ್ದು, ಬೆಳೆದಿದ್ದು, ಬಟ್ಟೆ ಒಗೆದದ್ದು ಇದೇ ಅಂಗಳದಲ್ಲಿ. ಹಡಗಿನ ಅಡುಗೆಯವನ ಕಳ್ಳತನವೂ ಒಬ್ಬ ಗುಮಾಸ್ತನ ಎರಡನೇ ಸಂಸಾರವೂ ಬಟ್ಟೆಯ ಗಂಟು ಬಿಚ್ಚಿದಾಗಲೇ ಅವಳಿಗೆ ತಿಳಿದವು. ಮೊದಲನೆಯದನ್ನು ಹೇಳಬೇಕಾದವರಿಗೆ ಹೇಳಿದಳು, ಎರಡನೆಯದನ್ನು ನುಂಗಿಕೊಂಡಳು. ಒಗಟು ಬಂದಾಗ ಜನ ಅವಳ ಹತ್ತಿರ ಬರುತ್ತಿದ್ದುದು ಈ ಎರಡು ಗುಣಗಳಿಗಾಗಿಯೇ.

ಅವಳಿಗೆ ಒಂದು ಪದ್ಧತಿಯಿತ್ತು. ಒಗೆಯುವ ಮೊದಲು ಪ್ರತಿ ಜೇಬನ್ನೂ ಹೊರಳಿಸಿ, ಅದರಲ್ಲಿದ್ದುದನ್ನು ಧೂಳು ಸಹಿತ ಒಂದು ಡಬ್ಬಿಗೆ ಹಾಕಿ, ಬಟ್ಟೆಯ ಜೊತೆಯಲ್ಲೇ ಹಿಂದಿರುಗಿಸುತ್ತಿದ್ದಳು. ಹಿಂದೊಮ್ಮೆ ಯಾರೋ ಉಂಗುರ ಕಳೆಯಿತೆಂದು ಅವಳ ಮೇಲೆ ಹೊರಿಸಿದ್ದರಂತೆ. ಬುಧವಾರ ಬೆಳಗ್ಗೆ ಮೇಷ್ಟ್ರ ಹೆಂಡತಿ ಅವರ ಬೂದು ಕೋಟನ್ನು ತಂದುಕೊಟ್ಟರು. ಅವರ ಸರದಿ ಶನಿವಾರ. ಭಾನುವಾರದ ಸಮಾರಂಭಕ್ಕೆ ಬೇಕು, ಮೊದಲೇ ಕೊಟ್ಟರೆ ನಿಮಗೂ ಅನುಕೂಲ ಅಲ್ಲವೇ ಎಂದು ನಗುತ್ತಾ ಹೇಳಿ ಹೋದರು. ಜೇಬಿನಿಂದ ಬಂದದ್ದು ಒಂದು ಪೆಪ್ಪರಮಿಂಟು, ಒಂದು ಚೂರು ಪೆನ್ಸಿಲು, ತಳದಲ್ಲಿ ಚಹಾಪುಡಿಯಂಥ ಒಂದು ಚಿಟಿಕೆ ಪುಡಿ, ಸ್ವಲ್ಪ ಮರಳು. ಅಕ್ಕ ಎಲ್ಲವನ್ನೂ ಡಬ್ಬಿಗೆ ಕೊಡವಿದಳು.

ಪಕ್ಕದ ಡಬ್ಬಿ ನಗರಸಭೆಯ ಸರ್ವೇಯರ್‌ನದು. ಅವನು ಬಂದು ಮೂರು ತಿಂಗಳಾಗಿತ್ತು. ಮಂಗಳವಾರ ಬೆಳಗ್ಗೆ ಅವನು ಕೊಟ್ಟ ಪ್ಯಾಂಟಿನ ಎರಡು ಮಂಡಿಗೂ ಕಪ್ಪು ಕಲೆ ಮೆತ್ತಿತ್ತು. ಅಕ್ಕ ಮೂಸಿ ನೋಡಿ, ಇದು ಕೀಲೆಣ್ಣೆ, ಹಿಂದೆ ಮರದ ಕಂಬಗಳಿಗೆ ಬಳಿಯುತ್ತಿದ್ದದ್ದು, ನಮ್ಮಮ್ಮ ಹೋದ ಮೇಲೆ ಈ ವಾಸನೆ ನೋಡಿಲ್ಲ, ಈ ಹುಡುಗನಿಗೆ ಎಲ್ಲಿ ಸಿಕ್ಕಿತೋ ಎಂದು ಗೊಣಗುತ್ತಾ ಸೀಮೆಎಣ್ಣೆ ಹಾಕಿ ಉಜ್ಜಿದ್ದಳು.

ಕೋಟು ನೀರಿಗೆ ಬೀಳುವ ಹೊತ್ತಿಗೆ ಅಜ್ಜನ ಮೊಮ್ಮಗಳು ಬಂದಳು. ಬಂದರಿನ ಈ ದಡದಿಂದ ಆ ದಡಕ್ಕೆ ಜನರನ್ನು ದೋಣಿಯಲ್ಲಿ ದಾಟಿಸುವವಳು. ಹುಟ್ಟು ಹಾಕಿ ಒರಟಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೊಂಟಕ್ಕೆ, ಒಮ್ಮೆ ಬಾಗಿಲಿಗೆ ಇಡುತ್ತಿದ್ದಳು. ಅವಳ ಗಂಡನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಅವನು ಮುಳುಗುಗಾರ, ಹಡಗುಗಳ ತಳ ಕೆರೆಯುವವನು. ಮಂಗಳವಾರ ಬೆಳಗ್ಗೆ ಧಕ್ಕೆಯ ಮೇಲೆ ಎಲ್ಲರ ಎದುರಿಗೆ ಅಜ್ಜನೊಡನೆ ಜಗಳವಾಡಿದ್ದ. ಅಜ್ಜ ಪ್ರತಿಮೆಯ ಗುಂಡಿಯನ್ನು ನೋಡಿ ಬಂದು, ನಾಳೆ ಬೆಳಗ್ಗೆ ಕಲ್ಲಿನ ಜಾಗ ನಾನೇ ತೋರಿಸುತ್ತೇನೆ ಎಂದಿದ್ದರು. ತೋರಿಸಿದರೆ ಮನೆ ಹಾಳಾಗುತ್ತದೆ, ದಿನಾ ನೀರಿನ ಕೆಳಗೆ ಇಳಿಯುವವನು ನಾನು, ನೀವು ಹೆಚ್ಚು ಮಾತಾಡಿದರೆ ಆ ಮೆಟ್ಟಿಲು ಹತ್ತಲು ಬಿಡುವುದಿಲ್ಲ ಎಂದು ಇವನು ಕೂಗಾಡಿದ್ದ. ಮೂರು ಗಂಟೆಗೆ ಕೆಲಸ ಮುಗಿಸಿ ದೋಣಿಯಲ್ಲಿ ಮಲಗಿದ್ದೆ ಎನ್ನುತ್ತಿದ್ದ. ನೋಡಿದವರು ಯಾರೂ ಇರಲಿಲ್ಲ. ಮೆಟ್ಟಿಲ ತುಂಬ ಒದ್ದೆ, ಪಾಚಿ. ಪೊಲೀಸರಿಗೆ ಇನ್ನೇನು ಬೇಕು?

"ನಾಳೆ ಹನ್ನೆರಡಕ್ಕೆ ಲಾಂಚಿನಲ್ಲಿ ದೊಡ್ಡ ಜೈಲಿಗೆ ಕಳಿಸ್ತಾರಂತೆ ಅಕ್ಕಾ," ಎಂದಳು. "ಅಲ್ಲಿಗೆ ಹೋದವರು ವರ್ಷಗಟ್ಟಲೆ ಬರಲ್ಲ. ಅಜ್ಜ ಹೋದ್ರು. ಇವರೂ ಹೋದ್ರೆ ನನಗೆ ಅಂತ ಯಾರೂ ಇಲ್ಲ."

"ನಿನ್ನ ಗಂಡ ಮಾಡಿಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಅವರು ಕೂಗಾಡೋದೇ ಹೆದರಿದಾಗ. ಸಿಟ್ಟು ಬಂದ್ರೆ ಮಾತೇ ಬಿಡ್ತಾರೆ."

ಅಕ್ಕ ಸ್ಟೂಲು ಎಳೆದು ಕೂರಿಸಿ, ಮೊದಲು ಏನಾದರೂ ತಿನ್ನು ಎಂದಳು.

ನಮ್ಮ ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. ಅವರ ಹತ್ತಿರ ಒಂದೇ ಒಳ್ಳೆಯ ಸಮವಸ್ತ್ರವಿತ್ತು. ಅದನ್ನು ನಾನು ಉಜ್ಜುವವರೆಗೆ ಅವರು ಒಳಕೋಣೆಯಲ್ಲಿ ಬನಿಯನ್ ಹಾಕಿಕೊಂಡು ಕೂರಬೇಕು. ಬನಿಯನ್ನಿನಲ್ಲಿ ಕೂತ ಅಧಿಕಾರಿ ಗುಟ್ಟು ಬಚ್ಚಿಡಲು ಕಷ್ಟಪಡುತ್ತಾನೆ. ಅಕ್ಕ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಅಜ್ಜ ಮೂರು ಗಂಟೆಗೆ ಹಡಗಿನ ಸಂಕೇತ ಏರಿಸಿದ್ದನ್ನು ಎಲ್ಲರೂ ನೋಡಿದ್ದರು. ಸಾವು ಅದಾದ ಮೇಲೆ, ಆರರ ಒಳಗೆ. ಸರ್ವೇಯರ್ ಇಡೀ ಮಧ್ಯಾಹ್ನ ಕಚೇರಿಯಲ್ಲಿದ್ದೆ ಎಂದಿದ್ದ. ಮೇಷ್ಟ್ರು ಮನೆಯಲ್ಲಿ ಭಾಷಣ ಬರೆಯುತ್ತಿದ್ದರಂತೆ. ಅಜ್ಜನ ಕೈಯ ಕೆಳಗಿದ್ದ ಕಾಗದವನ್ನೂ ತೋರಿಸಿದರು. ಪೆನ್ಸಿಲಿನಲ್ಲಿ ಎಳೆದ ಎರಡು ಗೆರೆ. ಒಂದು ಸುಣ್ಣದ ಗೂಡಿನ ಚಿಮಣಿಯಿಂದ ಬಾವುಟದ ಗೋಪುರದ ಮೇಲೆ ಹಾದು ಬರುತ್ತಿತ್ತು. ಇನ್ನೊಂದು ದೀಪಸ್ತಂಭದಿಂದ ಸುಂಕದ ಕಟ್ಟಡದ ಮೂಲೆಗೆ ತಾಗಿ ಬರುತ್ತಿತ್ತು. ಎರಡೂ ಕೂಡುವಲ್ಲಿ ಒಂದು ಚುಕ್ಕೆ.

"ಕಲ್ಲಿನ ಗುರುತು," ಎಂದರು ಇನ್ಸ್‌ಪೆಕ್ಟರ್. "ಮೇಷ್ಟ್ರ ಪುಸ್ತಕದಲ್ಲೂ ಹೀಗೇ ಇದೆ. ಅಜ್ಜ ಇದನ್ನೇ ತೋರಿಸೋಕೆ ಹೊರಟಿದ್ರು, ಪಾಪ."

ಅಕ್ಕ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಾನು ಆ ಪುಸ್ತಕ ಓದಿಲ್ಲ ಸಾಹೇಬ್ರೆ. ಓದಬೇಕಿತ್ತು," ಎಂದಳು. ಅವಳ ಮುಖ ಬಿಗಿದುಕೊಂಡಿದ್ದು ನನಗೆ ಕಂಡಿತು, ಕಾರಣ ಕಾಣಲಿಲ್ಲ.

ಮಧ್ಯಾಹ್ನ ನಾವಿಬ್ಬರೂ ಗೋಪುರಕ್ಕೆ ಹೋದೆವು. ಮೆಟ್ಟಿಲು ಒಣಗಿತ್ತು. ಅಕ್ಕ ಒಂದೊಂದನ್ನೂ ಬೆರಳಿನಿಂದ ಸವರಿ, ಬೆರಳನ್ನು ನಾಲಗೆಗೆ ತಾಗಿಸುತ್ತಾ ಹತ್ತಿದಳು. ಅಲೆ ಸಿಡಿಯುವ ಕೆಳಗಿನ ಮೂರು ಮೆಟ್ಟಿಲ ಮೇಲೆ ಬಿಳಿ ಉಪ್ಪು ಕಟ್ಟಿತ್ತು. ಅದರ ಮೇಲಿನವು ಬರೀ ತುಕ್ಕು. ಸಿಕ್ಕಿಕೊಂಡಿದ್ದ ಪಾಚಿಯ ತುಂಡುಗಳಿಗೆ ಮರಳು ಅಂಟಿತ್ತು. ಮೇಲಿನ ಕೋಣೆಯಲ್ಲಿ ಅಜ್ಜನ ಹಾಸಿಗೆ, ಸುತ್ತಿಟ್ಟ ಬಾವುಟಗಳು, ಕುಡಿಯುವ ನೀರಿನ ದೊಡ್ಡ ಹಂಡೆ. ಹಂಡೆಯಲ್ಲಿ ಒಂದು ಹನಿ ನೀರಿರಲಿಲ್ಲ. ಮೊಮ್ಮಗಳು ಮಂಗಳವಾರ ಬೆಳಗ್ಗೆ ಅದನ್ನು ಕಂಠಮಟ್ಟ ತುಂಬಿಸಿ ಹೋಗಿದ್ದಳೆಂದು ನಮಗೆ ಗೊತ್ತಿತ್ತು.

ಅಕ್ಕ ಕಿಟಕಿಯಲ್ಲಿ ಬಹಳ ಹೊತ್ತು ನಿಂತಳು. "ನಾನು ಚಿಕ್ಕವಳಿದ್ದಾಗ ನಮ್ಮ ಬಟ್ಟೆ ಒಣಹಾಕೋ ಹಗ್ಗದ ಒಂದು ತುದೀನ ಬಾವುಟದ ಕಂಬಕ್ಕೇ ಕಟ್ಟಿರ್ತಿತ್ತು," ಎಂದಳು.

ನಮ್ಮ ಅಂಗಳದಿಂದ ಗೋಪುರಕ್ಕೆ ಇನ್ನೂರು ಹೆಜ್ಜೆ. ಅಷ್ಟುದ್ದದ ಹಗ್ಗ ಯಾರ ಮನೆಯಲ್ಲಿರುತ್ತದೆ? ಅಕ್ಕನಿಗೂ ವಯಸ್ಸಾಯಿತು, ನೆನಪು ಎಳೆದಷ್ಟೂ ಬೆಳೆಯುತ್ತಿದೆ ಎಂದುಕೊಂಡೆ.

ಆ ಸಂಜೆ ಅವಳು ಒಂದೇ ಹೊದಿಕೆಯನ್ನು ನಾಲ್ಕು ಸಲ ಮಡಿಸಿ ನಾಲ್ಕು ಸಲ ಬಿಚ್ಚಿದಳು. ಗಾಳಿ ನಿಲ್ಲಲಿಲ್ಲ, ಧಕ್ಕೆಯಲ್ಲಿ ಕಟ್ಟಿದ ದೋಣಿಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತಲೇ ಇದ್ದವು. ನಾನು ಆರು ವರ್ಷದಲ್ಲಿ ಮೊದಲ ಸಲ ಒಂದು ಕಾಲರು ಸುಟ್ಟೆ. ಅಕ್ಕ ಬೈಯಲೂ ಇಲ್ಲ. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಗುರುವಾರ ಹತ್ತು ಗಂಟೆಗೆ ಅವಳ ಕೋರಿಕೆಯಂತೆ ಎಲ್ಲರೂ ಲಾಂಡ್ರಿಗೆ ಬಂದರು. ಇನ್ಸ್‌ಪೆಕ್ಟರ್ ಈ ಸಲ ಸಮವಸ್ತ್ರದಲ್ಲಿದ್ದರು, ಜೊತೆಗೆ ಒಬ್ಬ ಪೇದೆ. ಬೇಡಿ ತೊಟ್ಟ ಮುಳುಗುಗಾರ ನೆಲ ನೋಡುತ್ತಿದ್ದ. ಮೊಮ್ಮಗಳು ಅವನಿಂದ ಒಂದು ಮಾರು ದೂರ ನಿಂತಿದ್ದಳು, ಹತ್ತಿರ ಬಿಡಬಾರದೆಂದು ಪೇದೆಗೆ ಆಜ್ಞೆ. ಸರ್ವೇಯರ್ ಬೆರಳಿನ ಗೆಣ್ಣು ಮುರಿಯುತ್ತಿದ್ದ. ಕಲ್ಲಿನ ವಿಷಯ ಬಲ್ಲವರು ನೀವೊಬ್ಬರೇ ಎಂದು ಹೇಳಿ ಕರೆಸಿದ್ದರಿಂದ ಮೇಷ್ಟ್ರು ಪುಸ್ತಕದ ಸಮೇತ ಬಂದಿದ್ದರು. ಮುದುಕಿಗೆ ಕೊನೆಗೂ ಚರಿತ್ರೆಯ ಮೇಲೆ ಆಸಕ್ತಿ ಬಂತು ಎಂದು ತಮಾಷೆಯನ್ನೂ ಮಾಡಿದರು.

ಅಂಗಳದಲ್ಲಿ ಅಕ್ಕ ಒಂದು ಬಿಳಿಯ ಹೊದಿಕೆ ಹಾಸಿದ್ದಳು. ಅದೇ ಬಂದರು. ಸಾಬೂನಿನ ಡಬ್ಬಿ ಸುಣ್ಣದ ಗೂಡಿನ ಚಿಮಣಿ, ನನ್ನ ಇಸ್ತ್ರಿಪೆಟ್ಟಿಗೆ ಗೋಪುರ, ಮೇಣದ ಬತ್ತಿ ದೀಪಸ್ತಂಭ, ಒಂದು ಬ್ರಷ್ಷು ಸುಂಕದ ಕಟ್ಟಡ, ದಾರದ ಉಂಡೆ ಹಗ್ಗದ ಗೋದಾಮು. ಮುಳುಗುಗಾರ, ಸರ್ವೇಯರ್, ಮೇಷ್ಟ್ರು ಮೂವರನ್ನೂ ಒಳಗೆ ಕೂರಿಸಿ ಒಬ್ಬೊಬ್ಬರನ್ನೇ ಕರೆದಳು. ಪ್ರತಿಯೊಬ್ಬರ ಕೈಗೂ ಒಂದು ಬಟ್ಟೆ ಸಿಕ್ಕಿಸುವ ಕ್ಲಿಪ್ಪು ಕೊಟ್ಟು ಒಂದೇ ಮಾತು ಹೇಳಿದಳು: "ಕಲ್ಲಿನ ಗುರುತು ಹೇಳೋ ಬಾವುಟದ ಕಂಬ ಎಲ್ಲಿದೆಯೋ ಅಲ್ಲಿ ಇದನ್ನ ಇಡಿ."

ಮುಳುಗುಗಾರ ಬಗ್ಗಿ, ಬೇಡಿಯ ಕೈಯಲ್ಲೇ ಕ್ಲಿಪ್ಪನ್ನು ದಾರದ ಉಂಡೆಯ ಹಿಂದೆ ಇಟ್ಟ. ಸರ್ವೇಯರ್ ಹೊದಿಕೆಯನ್ನು ನೋಡಿದ, ಇನ್ಸ್‌ಪೆಕ್ಟರನ್ನು ನೋಡಿದ, ಬೆವರು ಒರೆಸಿಕೊಂಡು ಅವನೂ ದಾರದ ಉಂಡೆಯ ಹಿಂದೆಯೇ ಇಟ್ಟ. ಮೇಷ್ಟ್ರು ನಕ್ಕು, ಇದೂ ಒಂದು ಪ್ರಶ್ನೆಯೇ ಎಂದು ಕ್ಲಿಪ್ಪನ್ನು ಇಸ್ತ್ರಿಪೆಟ್ಟಿಗೆಯ ಮೇಲೆ ನಿಲ್ಲಿಸಿದರು.

ಆಮೇಲೆ ಅಕ್ಕ ಎಲ್ಲರನ್ನೂ ಹೊದಿಕೆಯ ಸುತ್ತ ಕರೆದಳು.

"ಸಮುದ್ರದ ಮೇಲೆ ಬೋರ್ಡು ನೆಡೋಕಾಗಲ್ಲ," ಎಂದು ಶುರು ಮಾಡಿದಳು. "ಅದಕ್ಕೇ ಹಳೇ ದೋಣಿಯವರು ದಡದಲ್ಲಿರೋ ಎರಡೆರಡು ವಸ್ತುಗಳನ್ನ ಒಂದರ ಹಿಂದೆ ಒಂದು ಬರೋ ಹಾಗೆ ನೋಡಿ ಜಾಗ ಹಿಡೀತಿದ್ರು. ಚಿಮಣಿ ಮುಂದೆ ಬಾವುಟದ ಕಂಬ ಬರಬೇಕು, ಅದೊಂದು ಗೆರೆ. ದೀಪದ ಮುಂದೆ ಸುಂಕದ ಕಟ್ಟಡದ ಮೂಲೆ ಬರಬೇಕು, ಅದು ಇನ್ನೊಂದು. ಎರಡೂ ಕೂಡೋ ಕಡೆ ಬಾಚಣಿಗೆಕಲ್ಲು. ಈ ಮಾತು ಹಳಬರಿಗೆಲ್ಲ ಬಾಯಿಪಾಠ, ಮೇಷ್ಟ್ರು ಅಜ್ಜನ ಬಾಯಿಂದಲೇ ಕೇಳಿ ಬರಕೊಂಡ್ರು. ಮಾತು ಸರಿಯಾಗೇ ಇದೆ."

ಅವಳು ಚಿಮಣಿಯಿಂದ ಇಸ್ತ್ರಿಪೆಟ್ಟಿಗೆಯ ಮೇಲೆ ಹಾದುಹೋಗುವಂತೆ ಒಂದು ದಾರ ಎಳೆದಳು, ದೀಪದ ಕಡೆಯಿಂದ ಇನ್ನೊಂದು. ಕೂಡಿದಲ್ಲಿ ಒಂದು ಅಂಗಿಯ ಗುಂಡಿ ಇಟ್ಟಳು. ಆಮೇಲೆ ಮೊದಲ ದಾರವನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಡಿಸಿ, ದಾರದ ಉಂಡೆಯ ಹಿಂದಿದ್ದ ಕ್ಲಿಪ್ಪಿನ ಮೇಲೆ ಹಾಯಿಸಿದಳು. ದಾರಗಳು ಕೂಡುವ ಜಾಗ ಒಂದು ಮೊಳ ಆಚೆ ಸರಿಯಿತು. ಗುಂಡಿ ಒಂಟಿಯಾಗಿ ಉಳಿಯಿತು.

"ಕಲ್ಲು ಮುಚ್ಚಿದ ವರ್ಷವೇ ಬಾವುಟದ ಕಂಬಾನೂ ಬದಲಾಯ್ತು. ಮೊದಲು ಇದ್ದದ್ದು ಮರದ ಕಂಬ, ನಮ್ಮ ಅಂಗಳದ ಪಕ್ಕದಲ್ಲೇ, ಈಗಿನ ಹಗ್ಗದ ಗೋದಾಮಿನ ಹಿಂದೆ. ಅದಕ್ಕೇ ನಮ್ಮಮ್ಮ ಹಗ್ಗ ಕಟ್ತಿದ್ದು. ಧಕ್ಕೆ ಅಗಲ ಆದಾಗ ಅದನ್ನ ನೆಲಮಟ್ಟಕ್ಕೆ ಕುಯ್ದು, ಆಚೆ ಗೋಪುರದ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿದ್ರು. ಕುಯ್ದವರು ಯಾರು? ಅಜ್ಜನೇ. ತಾನೇ ಕುಯ್ದ ಕಂಬಾನ ಆ ಮನುಷ್ಯ ಮರೆತು, ಹೊಸ ಕಂಬದಿಂದ ಗೆರೆ ಎಳೀತಾರಾ? ಸಾಹೇಬ್ರೆ, ಆ ಕಾಗದ ಅಜ್ಜ ಬರೆದದ್ದಲ್ಲ. ಕಂಬ ಸರಿದದ್ದು ಗೊತ್ತಿಲ್ಲದವರು ಬರೆದು ಅವರ ಕೈ ಕೆಳಗೆ ಇಟ್ಟದ್ದು."

ಇನ್ಸ್‌ಪೆಕ್ಟರ್ ಜೇಬಿನಿಂದ ಕಾಗದ ತೆಗೆದು ಹೊದಿಕೆಯ ಪಕ್ಕ ಹಿಡಿದರು. ಗೆರೆ ಗೋಪುರದ ಮೇಲೆಯೇ ಹಾದಿತ್ತು.

ಸರ್ವೇಯರ್ ತಾನಾಗಿಯೇ ಬಾಯಿಬಿಟ್ಟ. ಮೇಷ್ಟ್ರ ನಕ್ಷೆಯನ್ನು ಹಳೆಯ ಕಾಗದಗಳ ಜೊತೆ ಹೋಲಿಸಿದಾಗ ಅವನಿಗೆ ಅನುಮಾನ ಬಂದಿತ್ತು. ಸೋಮವಾರ ಗೋದಾಮಿನ ಹಿಂದೆ ಮಂಡಿಯೂರಿ ಕಸ ಕೆದಕಿದಾಗ ಹಳೇ ಕಂಬದ ಬುಡ ಸಿಕ್ಕಿತ್ತು. ಪ್ಯಾಂಟಿನ ಕೀಲೆಣ್ಣೆ ಅಲ್ಲಿಯದೇ. ಸರಿಯಾದ ಜಾಗ ಕೈಗಾಡಿಗಳನ್ನು ನಿಲ್ಲಿಸುವ ಮೈದಾನಕ್ಕೆ ಬಿತ್ತು. ಅಲ್ಲಿ ಕಬ್ಬಿಣದ ಸರಳು ಇಳಿಸಿ ನೋಡಿದರೆ ಎರಡಾಳು ಆಳದಲ್ಲಿ ಬಂಡೆ ತಾಗಿತು. ಮಂಗಳವಾರ ಮೂರೂವರೆಗೆ ಗೋಪುರಕ್ಕೆ ಹೋಗಿ ಅಜ್ಜನನ್ನು ಕೇಳಿದ್ದ. ಅಜ್ಜ ನಕ್ಕು, ನಾಳೆ ಬಾ ತೋರಿಸುತ್ತೇನೆ ಎಂದು ಕಳಿಸಿದ್ದರು. ಆಗ ಮೆಟ್ಟಿಲು ಒಣಗಿತ್ತು. ಸಾವಿನ ಸುದ್ದಿ ಕೇಳಿ, ಕೊನೆಗೆ ನೋಡಿದವನು ನಾನೇ ಎಂದಾಗುತ್ತದೆಂದು ಹೆದರಿ ಕಚೇರಿಯಲ್ಲಿದ್ದೆ ಎಂದು ಸುಳ್ಳು ಹೇಳಿದ್ದ.

ಮೇಷ್ಟ್ರ ಮುಖ ಬಿಳಿಚಿತ್ತು, ದನಿ ಮಾತ್ರ ಪಾಠ ಹೇಳುವವರದೇ. "ನನ್ನ ಪುಸ್ತಕದಲ್ಲಿ ತಪ್ಪಾಗಿರಬಹುದು. ತಪ್ಪು ಕೊಲೆ ಅಲ್ಲ. ಆ ನಕ್ಷೇನ ಯಾರು ಬೇಕಾದ್ರೂ ಪುಸ್ತಕದಿಂದ ನಕಲು ಮಾಡಬಹುದು."

"ಮಾಡಬಹುದು," ಎಂದಳು ಅಕ್ಕ. "ಆದ್ರೆ ಈ ಇಬ್ಬರಿಗೂ ಅದು ತಪ್ಪು ಅಂತ ಗೊತ್ತು, ಒಬ್ಬ ಅಜ್ಜನ ಬಾಯಿಂದ ಕೇಳಿದವನು, ಇನ್ನೊಬ್ಬ ಕಂಬದ ಬುಡಾನೇ ನೋಡಿದವನು. ಅಜ್ಜನ ಹೆಸರಿನಲ್ಲಿ ಸುಳ್ಳು ಕಾಗದ ಇಡಬೇಕು ಅಂದ್ರೆ ಅದು ಸರಿ ಅಂತ ನಂಬಿರಬೇಕು, ಇಲ್ಲಾ ಅದು ಸರಿ ಅಂತ ಜಗತ್ತು ನಂಬಬೇಕು ಅನ್ನೋ ಆಸೆ ಇರಬೇಕು. ಇರಲಿ, ಮೆಟ್ಟಿಲಿಗೆ ಬರೋಣ. ಮುಳುಗುಗಾರ ಹತ್ತಿದ್ರೂ, ಮತ್ಸ್ಯಕನ್ಯೆ ಹತ್ತಿದ್ರೂ ಮೈಯಿಂದ ಬೀಳೋದು ಉಪ್ಪುನೀರು. ಒಣಗಿದ ಮೇಲೆ ಬೆಳ್ಳಗೆ ನಿಲ್ಲುತ್ತೆ. ನಲವತ್ತು ವರ್ಷದಿಂದ ನಾವಿಕರ ಬಟ್ಟೇಲಿ ಅದನ್ನೇ ತಿಕ್ತಾ ಇದೀನಿ. ಮೇಲಿನ ಮೆಟ್ಟಿಲಲ್ಲಿ ಅದು ಇಲ್ಲ. ಅಲ್ಲಿ ಸುರಿದದ್ದು ಅಜ್ಜನ ಹಂಡೆ ನೀರು. ಪಾಚಿನೂ ನೀರೊಳಗಿಂದು ಅಲ್ಲ, ದಡದಲ್ಲಿ ಒಣಗಿ ಬಿದ್ದಿದ್ದನ್ನ ಮರಳು ಸಮೇತ ಬಾಚ್ಕೊಂಡು ತಂದದ್ದು."

ಅವಳು ನನ್ನ ಕಡೆ ನೋಡಿದಳು. ಹೇಳಿದಂತೆ ನಾನು ಬಿಳಿಯ ಬಟ್ಟಲಲ್ಲಿ ನೀರು ತಂದಿಟ್ಟೆ. ಮೇಷ್ಟ್ರ ಹೆಸರಿನ ಡಬ್ಬಿ ತೆರೆದು, ಪೆಪ್ಪರಮಿಂಟನ್ನೂ ಪೆನ್ಸಿಲನ್ನೂ ಪಕ್ಕಕ್ಕಿಟ್ಟು, ತಳದ ಪುಡಿಯನ್ನು ಅವಳು ನೀರಿಗೆ ಉದುರಿಸಿದಳು. ಮರಳು ಕೆಳಗಿಳಿಯಿತು. ಚಹಾಪುಡಿಯಂತಿದ್ದ ಚೂರುಗಳು ನೀರು ಕುಡಿದು, ಸುರುಳಿ ಬಿಚ್ಚಿ, ಕಂದು ಬಣ್ಣದ ಪುಟ್ಟ ಪುಟ್ಟ ಎಲೆಗಳಾಗಿ ಮೇಲೆದ್ದವು.

"ಬೆಳಗ್ಗೆ ಹೊತ್ತು ಸಮುದ್ರದ ಕಡೆ ವಾಕಿಂಗ್ ಹೋಗ್ತೀನಿ," ಎಂದರು ಮೇಷ್ಟ್ರು. "ಗಾಳಿ ಬೀಸುತ್ತೆ."

"ತೋಳಿಗೆ ಅಂಟಿದ್ರೆ ಗಾಳಿ ತಂತು ಅನ್ನಬಹುದಿತ್ತು ಮೇಷ್ಟ್ರೆ. ಮುಚ್ಚಳ ಇರೋ ಜೇಬಿಗೆ ಗಾಳಿ ಕೈ ಹಾಕಲ್ಲ."

ಮುಳುಗುಗಾರ ಅದುವರೆಗೆ ನೆಲ ನೋಡುತ್ತಿದ್ದವನು ತಲೆ ಎತ್ತಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ನಿಮ್ಮ ಕ್ಲಾಸಲ್ಲಿ ಎರಡನೇ ಬೆಂಚಲ್ಲಿ ಕೂತಿದ್ದೆ ಸಾರ್. ಜಾಗ ತೋರಿಸಿದವರ ಮನೆಯಿಂದ ಅವಳು ಒಂದು ಜೀವ ತಗೋತಾಳೆ ಅಂತ ನೀವೇ ಹೇಳಿಕೊಟ್ಟಿದ್ದು. ಈಗಲೂ ಪ್ರತಿ ಸಲ ಇಳಿಯುವಾಗ ಅದು ನೆನಪಾಗುತ್ತೆ. ಅದಕ್ಕೇ ಅಜ್ಜನ ಹತ್ತಿರ ಜಗಳ ಆಡಿದೆ."

ಮೇಷ್ಟ್ರು ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಆಮೇಲೆ ಅಲ್ಲೇ, ಒದ್ದೆ ಬಟ್ಟೆಯ ಬುಟ್ಟಿಯ ಅಂಚಿನ ಮೇಲೆ ಕುಸಿದು ಕೂತರು.

ಹೇಳಿದ್ದು ಹೆಚ್ಚೇನಿಲ್ಲ. ಧಕ್ಕೆಯ ಜಗಳ ಅವರ ಕಿವಿಗೂ ಬಿದ್ದಿತ್ತು. ನಾಲ್ಕು ಗಂಟೆಗೆ ಗೋಪುರ ಹತ್ತಿ, ಭಾನುವಾರ ಕಳೆಯುವವರೆಗೆ ಸುಮ್ಮನಿರಿ ಎಂದು ಅಜ್ಜನನ್ನು ಬೇಡಿಕೊಂಡರು. ಅಜ್ಜ ಯಾವ ಕಂಬ ಎಂದು ನೀವು ಕೇಳಲೇ ಇಲ್ಲವಲ್ಲ ಮೇಷ್ಟ್ರೆ ಎಂದು ನಕ್ಕರು. ಕೆಟ್ಟ ನಗುವಲ್ಲ, ಆದರೂ ನಿಲ್ಲಲಿಲ್ಲ. ಇಪ್ಪತ್ತು ವರ್ಷ ಊರಿನ ಮಕ್ಕಳಿಗೆಲ್ಲ ಬೇರೆ ಯಾವುದೋ ಜಾಗ ತೋರಿಸಿದಿರಿ ಎಂದು ಮೆಟ್ಟಿಲ ತಲೆಯಲ್ಲಿ ನಿಂತು ಮತ್ತೆ ನಕ್ಕರು. ಮೇಷ್ಟ್ರ ಕೈ ಮುಂದೆ ಹೋಯಿತು. ಆಮೇಲೆ ಕಾಗದ, ನೀರು, ಪಾಚಿ. ಅಜ್ಜನ ಹೆಸರಿನಲ್ಲಾದರೂ ತಮ್ಮ ನಕ್ಷೆ ಉಳಿಯಲಿ, ಸಾವು ಕತೆಯ ಲೆಕ್ಕಕ್ಕೆ ಹೋಗಲಿ ಎಂದು.

"ಈ ಹುಡುಗನ ಮೇಲೆ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲ," ಎಂದರು.

"ಹೊಳೆದ ಮೇಲೆ ನಿನ್ನೆ ಇಡೀ ದಿನ ಇತ್ತಲ್ಲ," ಎಂದಳು ಅಕ್ಕ. ದನಿ ಏರಿಸಲಿಲ್ಲ.

ಇನ್ಸ್‌ಪೆಕ್ಟರ್ ಸನ್ನೆ ಮಾಡಿದರು, ಪೇದೆ ಬೇಡಿ ಬಿಚ್ಚಿದ. ಮುಳುಗುಗಾರ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಹೆಂಡತಿಯ ಎದುರು ಬಂದು ನಿಂತ. ಸಂತೋಷಪಡುವ ಮುಖ ಅವನದಾಗಿರಲಿಲ್ಲ. ಅಜ್ಜನಿಗೆ ತಾನು ಆಡಿದ ಕೊನೆಯ ಮಾತು ಬೈಗುಳ ಎಂದು ಅವಳಿಗೆ ಮಾತ್ರ ಕೇಳುವಂತೆ ಹೇಳಿದ. ನಾನು ಹತ್ತಿರವಿದ್ದುದರಿಂದ ನನಗೂ ಕೇಳಿಸಿತು.

"ಮಧ್ಯಾಹ್ನ ಬುತ್ತಿ ಕೊಡೋಕೆ ಹೋದಾಗ ಅಜ್ಜ ಅದನ್ನೇ ಹೇಳಿದ್ರು," ಎಂದಳು ಅವಳು. "ನಿನ್ನ ಗಂಡ ಇವತ್ತು ನನಗೋಸ್ಕರ ಊರೆಲ್ಲ ಕೇಳೋ ಹಾಗೆ ಹೆದರಿಕೊಂಡ ಅಂತ. ಎರಡು ತುತ್ತು ಜಾಸ್ತೀನೇ ತಿಂದ್ರು." ಅವನ ತೋಳು ಹಿಡಿದು ಗೇಟಿನ ಕಡೆ ನಡೆಸಿಕೊಂಡು ಹೋದಳು. ಲಾಂಚಿನ ಸಮಯಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು.

ಅವರು ಕಣ್ಮರೆಯಾದ ಮೇಲೆ ನಾನು ಹೊದಿಕೆ ಮಡಿಸಲು ಬಗ್ಗಿದೆ. ಇನ್ಸ್‌ಪೆಕ್ಟರ್ ಡಬ್ಬಿಯನ್ನೂ ಬಟ್ಟಲನ್ನೂ ಸಾಕ್ಷಿಗೆಂದು ಕೇಳಿದರು, ಮೇಷ್ಟ್ರ ಮನೆಗೆ ಯಾರನ್ನು ಕಳಿಸಲಿ ಎಂದು ಪೇದೆಯೊಡನೆ ಮಾತಾಡತೊಡಗಿದರು. ಅಕ್ಕ ನಡುವೆ ಬಾಯಿ ಹಾಕಿದಳು. ಅರ್ಧ ಗಂಟೆ ತಡೆಯಿರಿ ಎಂದಳು.

"ಆ ಕೋಟನ್ನ ಅವರ ಹೆಂಡತಿ ತಮ್ಮ ಕೈಯಾರೆ ತಂದುಕೊಟ್ರು ಸಾಹೇಬ್ರೆ. ನಗ್ತಾ ತಂದುಕೊಟ್ರು. ಅದೇ ಗಂಡನ ವಿರುದ್ಧ ಸಾಕ್ಷಿ ಆಯ್ತು ಅಂತ ಕೋರ್ಟಲ್ಲಿ ಯಾರೋ ವಕೀಲ ಅವರಿಗೆ ಹೇಳಬಾರದು. ಜೇಬು ಹೊರಳಿಸಿದವಳು ನಾನು, ಹೇಳಬೇಕಾದವಳೂ ನಾನೇ."

ಸೆರಗಿನಿಂದ ಕೈ ಒರೆಸಿಕೊಂಡು ಅವಳು ಬೀದಿಗಿಳಿದಳು. ಜೊತೆಗೆ ಬರಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದಳು. ಮೇಷ್ಟ್ರ ಮನೆಯ ತಿರುವಿನ ತನಕ ಬೇಗ ಬೇಗ ನಡೆದಳು. ತಿರುವಿನಲ್ಲಿ ಅವಳ ಹೆಜ್ಜೆ ನಿಧಾನವಾಯಿತು, ಒಂದು ಕ್ಷಣ ಗೋಡೆ ಹಿಡಿದು ನಿಂತಳು, ಆಮೇಲೆ ಒಳಗೆ ಹೋದಳು.